ಕಾಯಂ ಕುರ್ಚಿ ನೋಡಲು ಬಂದವರು

ಇದು ಹೀಗೆಯೇ ನಡೆಯಿತು ಎಂದು ನಾನು ಪ್ರಮಾಣ ಮಾಡಲಾರೆ. ನಡೆದದ್ದು ನಿಜ. ನಾನು ಅಲ್ಲಿದ್ದದ್ದೂ ನಿಜ. ಆದರೆ ಕುರ್ಚಿಯಿಂದ ಎದ್ದವರು ತಾವಾಗಿಯೇ ಎದ್ದರೋ, ಯಾರಾದರೂ ಏಳಿಸಿದರೋ ಎಂಬಲ್ಲಿಗೆ ಬಂದರೆ ನನ್ನ ನೆನಪು ಕೈಕೊಡುತ್ತದೆ.

ನನ್ನ ಹೆಂಡತಿಯ ದೂರು ಇನ್ನೂ ದೊಡ್ಡದು. ಈ ಕಥೆಯನ್ನು ಪ್ರತಿ ಸಲ ಹೇಳುವಾಗಲೂ ಅದರಲ್ಲಿ ನನ್ನ ಪಾತ್ರ ಸ್ವಲ್ಪ ಸ್ವಲ್ಪವೇ ಬೆಳೆಯುತ್ತಿದೆಯಂತೆ. ‘ಮೊದಲನೇ ಸಲ ಹೇಳಿದಾಗ ನೀವು ಬೆಂಚಿನ ಮೇಲೆ ಸುಮ್ನೆ ಕೂತಿದ್ರಿ’ ಅನ್ನುತ್ತಾಳೆ. ಇರಬಹುದು. ಜ್ಞಾನಭಾರತಿಯಲ್ಲಿ ಎಂ.ಎ. ಓದುವಾಗ, ಕಣ್ಣಾರೆ ಕಂಡವರ ಮಾತನ್ನು ಏಕೆ ಪೂರ್ತಿ ನಂಬಬಾರದು ಎಂಬುದರ ಮೇಲೆ ಸೆಮಿನಾರ್ ಕೊಟ್ಟವನು ನಾನು. (ಬಹಳ ಚೆನ್ನಾಗಿ ಕೊಟ್ಟಿದ್ದೆ ಎಂದು ನೆನಪು. ಅದನ್ನೂ ನಂಬಬೇಡಿ.)

ಶುರುವಾದದ್ದು ಬೀದಿದೀಪದಿಂದ. ಮಲ್ಲತ್ತಹಳ್ಳಿಯ ನಮ್ಮ ಮನೆಯೆದುರಿನ ದೀಪಕ್ಕೆ ವಿಚಿತ್ರ ಕಾಯಿಲೆ. ಹಗಲಿಡೀ ಉರಿಯುತ್ತದೆ, ಕತ್ತಲಾದ ಕೂಡಲೇ ಆರುತ್ತದೆ. ಆ್ಯಪ್‌ನಲ್ಲಿ ದೂರು ಕೊಟ್ಟೆ. ‘ನಿಮ್ಮ ಸಮಸ್ಯೆ ಪರಿಹರಿಸಲಾಗಿದೆ’ ಎಂದು ಮೆಸೇಜ್ ಬಂತು. ಯಾರೋ ಮಧ್ಯಾಹ್ನ ಬಂದು ನೋಡಿ ಹೋಗಿರಬೇಕು. ದೀಪ ಜೋರಾಗಿ ಉರಿಯುತ್ತಿತ್ತಲ್ಲ!

ಹಾಗಾಗಿ ವಾರ್ಡ್ ಕಚೇರಿಗೆ ಅಲೆದಾಟ. ಅಲ್ಲಿ ಪರಿಚಯವಾದವಳು ಭಾಗ್ಯಶ್ರೀ. ಮುದ್ದೇಬಿಹಾಳದ ಕಡೆಯ ಹುಡುಗಿ. ಪರೀಕ್ಷೆ ಬರೆದು, ಪಾಸಾಗಿ, ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಉಲ್ಲಾಳದ ಪಿ.ಜಿ.ಯಲ್ಲಿ ವಾಸ. ಕಾಯಂ ನೌಕರಿ. ಕುರ್ಚಿ ಮಾತ್ರ ಇಲ್ಲ.

ತಮಾಷೆಯಲ್ಲ. ಆಕೆಗೊಂದು ಕುರ್ಚಿ ಬೇಕೆಂದು ಕೇಳಿ ಬರೆದಿದ್ದಾರೆ. ಮಂಜೂರೂ ಆಗಿದೆ. ಬಂದಿಲ್ಲ, ಅಷ್ಟೇ. ಬರುವ ತನಕ ಆ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ಅಂದು ಯಾರು ಬಂದಿಲ್ಲವೋ ಅವರ ಕುರ್ಚಿಯಲ್ಲಿ ಹೊಸಬರು ಕೂರಬೇಕು. ಕುರ್ಚಿಯ ಜೊತೆಗೆ ಅದರ ಕೆಲಸವೂ ಬರುತ್ತದೆ. ಮೊದಲ ಭೇಟಿಯಲ್ಲಿ ಆಕೆ ಬೀದಿದೀಪದ ಮೇಜಿನಲ್ಲಿದ್ದಳು. ಮುಂದಿನ ಸಲ ಹೋದರೆ ಮೂಲೆಯ ಬೇರೊಂದು ಮೇಜಿನಲ್ಲಿ.

‘ಮೇಡಂ, ಮೊನ್ನೆ ಬೀದಿದೀಪದಲ್ಲಿ ಇದ್ದೋರು ನೀವೇ ಅಲ್ವಾ?’

‘ಹೌದ್ರಿ ಸರ. ನಿನ್ನೆ ಜನನ-ಮರಣ ಇದ್ದೆ. ಇವತ್ತ ನಾಯಿ.’

ಹೇಳುವಾಗ ಮುಖದಲ್ಲಿ ನಗುವಿರಲಿಲ್ಲ. ನನಗೂ ನಗಲು ಧೈರ್ಯ ಬರಲಿಲ್ಲ. ಆದರೆ ಒಂದನ್ನು ಗಮನಿಸಿದ್ದೆ. ನಾನು ಹೋದಾಗಲೆಲ್ಲ ಆಕೆಗೆ ಕೂರಲು ಕುರ್ಚಿ ಸಿಕ್ಕೇ ಇರುತ್ತಿತ್ತು. ಅಂದರೆ ಏನರ್ಥ? ನೀವೇ ಊಹಿಸಿಕೊಳ್ಳಿ.

ಬೀದಿದೀಪದ ಅಸಲಿ ಗುಮಾಸ್ತರ ಹೆಸರು ರಾಜಣ್ಣ. ಅವರನ್ನು ನಾನು ನೋಡಿರಲಿಲ್ಲ. ಅವರ ಸ್ವೆಟರ್ ಮಾತ್ರ ಪರಿಚಯವಿತ್ತು. ಬೇಸಿಗೆಯಲ್ಲೂ ಅದು ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಕೇಳಿದರೆ ಪಕ್ಕದವರು ‘ಈಗ್ತಾನೇ ಎದ್ದು ಹೋದ್ರು’ ಅನ್ನುತ್ತಿದ್ದರು. ಆ ಸ್ವೆಟರಿಗೇ ಒರಗಿಕೊಂಡು ಭಾಗ್ಯಶ್ರೀ ಕೆಲಸ ಮಾಡುತ್ತಿದ್ದಳು.

ಇನ್ನು ಆ ದಿನಕ್ಕೆ ಬರೋಣ. ಒಳಗೆ ಕಾಲಿಟ್ಟವನಿಗೆ ತಪ್ಪಿ ಬೇರೆ ಕಚೇರಿಗೆ ಬಂದೆನೇನೋ ಅನ್ನಿಸಿತು. ಎಲ್ಲ ಕುರ್ಚಿಗಳೂ ಭರ್ತಿ! ಸ್ವೆಟರ್‌ನೊಳಗೂ ಒಬ್ಬರು ಇದ್ದರು. ಮೇಲಿನ ಸಾಹೇಬರೊಬ್ಬರು ತಪಾಸಣೆಗೆ ಬರುತ್ತಾರೆಂದು ಸುದ್ದಿಯಂತೆ. ಸ್ವಸ್ಥಾನದಲ್ಲಿ ಇಲ್ಲದವರಿಗೆ ನೋಟಿಸ್ ಖಾತರಿಯಂತೆ.

ಭಾಗ್ಯಶ್ರೀ ಬೀರುವಿನ ಪಕ್ಕ ನಿಂತಿದ್ದಳು. ದಿನವೂ ಚೂಡಿದಾರ್ ಹಾಕುವವಳು ಅಂದು ಇಳಕಲ್ ಸೀರೆ ಉಟ್ಟಿದ್ದಳು. ಕಣ್ಣು ತುಂಬಿಕೊಂಡಿತ್ತು.

‘ಇವತ್ತ ಎಲ್ಲಾರೂ ಬಂದ್ಬಿಟ್ಟಾರ್ರಿ ಸರ’ ಅಂದಳು.

ಸರ್ಕಾರಿ ಕಚೇರಿಯಲ್ಲಿ ಎಲ್ಲರೂ ಹಾಜರಾದರೆಂದು ಅಳುವವರನ್ನು ನಾನು ನೋಡಿದ್ದು ಅದೇ ಮೊದಲು.

ವಿಷಯ ಇಷ್ಟು. ಆಕೆಗೆ ಮದುವೆ ಗೊತ್ತಾಗುವುದರಲ್ಲಿತ್ತು. ಹುಡುಗ ಅವರ ಕಡೆಯವನೇ, ಕೆಂಗೇರಿ ಹತ್ತಿರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ಬಸ್ಸಿನಲ್ಲಿ ಆದ ಪರಿಚಯ. ಇಬ್ಬರಿಗೂ ಇಷ್ಟ. ಎರಡೂ ಮನೆಯವರಿಗೆ ಒಪ್ಪಿಗೆ. ಉಳಿದದ್ದು ಹುಡುಗನ ದೊಡ್ಡಪ್ಪ ಒಬ್ಬರೇ. ಊರಿನ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹಿಂದೊಮ್ಮೆ ಅವರ ಮನೆತನದಲ್ಲಿ ಸರ್ಕಾರಿ ನೌಕರಿಯ ಸಂಬಂಧವೆಂದು ಸಂಭ್ರಮದಿಂದ ಮದುವೆ ಮಾಡಿ, ಆಮೇಲೆ ನೋಡಿದರೆ ಅದು ಗುತ್ತಿಗೆ ಕೆಲಸವಾಗಿತ್ತಂತೆ. ಆರತಿ ತಟ್ಟೆಯ ಕುಂಕುಮ ಆರುವ ಮೊದಲೇ ಕೆಲಸ ಹೋಗಿತ್ತಂತೆ. ಅಂದಿನಿಂದ ದೊಡ್ಡಪ್ಪ ಕಚೇರಿಗೇ ಹೋಗಿ ಕಣ್ಣಾರೆ ನೋಡದೆ ಯಾವ ಸಂಬಂಧಕ್ಕೂ ಹೂಂ ಅನ್ನುವುದಿಲ್ಲ. ಅಂದು ಬೆಳಿಗ್ಗೆ ಅವರು ಬರುವವರಿದ್ದರು.

‘ಆರ್ಡರ್ ಕಾಪಿ ತೋರಿಸಿದ್ರೆ ಆಯ್ತಲ್ಲಮ್ಮಾ?’ ಅಂದೆ.

‘ಝೆರಾಕ್ಸ್ ಯಾರ್ ಬೇಕಾದ್ರೂ ಮಾಡಸ್ತಾರ ಅಂತಾರ್ರಿ. ಅವರು ಕುರ್ಚಿ ನೋಡ್ತಾರ. ಕಾಯಂ ಇದ್ದವ್ರಿಗೆ ಕೈ ಇರೋ ಕುರ್ಚಿ, ಗುತ್ತಿಗಿ ಮಂದಿಗೆ ಸ್ಟೂಲ್ ಅಂತ ಅವರ ಲೆಕ್ಕ.’

‘ಒಪ್ಪದಿದ್ರೆ?’

‘ಅವರು ಒಲ್ಲೆ ಅಂದ್ರ ಮುಗೀತ್ರಿ. ಆ ಮನ್ಯಾಗ ಅವರ ಮಾತ ಯಾರೂ ದಾಟಂಗಿಲ್ಲ.’

ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಳು. ನನಗೆ ಸುಮ್ಮನಿರಲು ಬರುವುದಿಲ್ಲ. (ಹೆಂಡತಿಯೂ ಒಪ್ಪುವ ಸತ್ಯ ಇದೊಂದೇ.) ಪಕ್ಕದ ಬೇಕರಿಗೆ ಹೋಗಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಕೇಳಿ ಎತ್ತಿಕೊಂಡು ಬಂದೆ. ಭಾಗ್ಯಶ್ರೀ ಅದನ್ನು ನೋಡಿ ಮತ್ತಷ್ಟು ಬಿಳಿಚಿಕೊಂಡಳು. ದೊಡ್ಡಪ್ಪನವರ ಲೆಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಸ್ಟೂಲಿಗಿಂತಲೂ ಕಡೆಯಂತೆ, ದಿನಗೂಲಿಯಂತೆ. ವಾಪಸ್ ಒಯ್ದು ಇಟ್ಟೆ.

ಮುಂದಿನ ಉಪಾಯ ರಾಜಣ್ಣ. ಹೋಗಿ ಪರಿಚಯ ಹೇಳಿಕೊಂಡು, ಬನ್ನಿ ಸಾರ್, ಒಂದು ಟೀ ಕುಡಿದು ಬರೋಣ ಅಂದೆ. ಇಡೀ ವಾರ್ಡಿನಲ್ಲಿ ಟೀಗೆ ಇಲ್ಲವೆನ್ನದ ಮನುಷ್ಯ ಎಂದು ಹೆಸರು ಮಾಡಿದವರು.

‘ಇವತ್ತು ಬೇಡಿ ಸಾರ್. ಅಪರೂಪಕ್ಕೆ ಸಿಕ್ಕಿದೀನಿ, ಚೆನ್ನಾಗಿ ನೋಡ್ಕೊಂಡು ಹೋಗಿ’ ಅಂದರು.

ಬಂದವನು ಬಂದೆ, ದೀಪದ ವಿಚಾರವನ್ನೂ ಕೇಳಿದೆ. ಅದೆಲ್ಲ ಭಾಗ್ಯಶ್ರೀಗೇ ಗೊತ್ತು, ನನಗೆ ಟಚ್ ತಪ್ಪಿಹೋಗಿದೆ ಅಂದರು. ಕುರ್ಚಿಯ ಎರಡೂ ಕೈಗಳನ್ನು, ತೂಗುವ ಉಯ್ಯಾಲೆಯಲ್ಲಿ ಕೂತವರ ಹಾಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಉಳಿದವರೂ ಹಾಗೆಯೇ. ಇತರ ದಿನ ಕೂರದವರು ಅಂದು ಏಳುವ ಹಾಗಿರಲಿಲ್ಲ.

ಸೋತು ಬಂದು ಸಾರ್ವಜನಿಕರ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಬಿಳಿ ನೆಹರೂ ಶರಟು, ಬಿಳಿ ಧೋತರ, ತಲೆಗೆ ಟೋಪಿ, ತೊಡೆಯ ಮೇಲೆ ಕೈಚೀಲ. ದೊಡ್ಡಪ್ಪ! ತಾವು ಯಾರೆಂದು ಹೇಳದೆ ಜನರ ನಡುವೆ ಕೂತು ಪರೀಕ್ಷೆ ನಡೆಸಿದ್ದರು. ನನ್ನನ್ನು ಯಾರೋ ದೂರುದಾರ ಎಂದುಕೊಂಡು (ಅದೂ ನಿಜವೇ) ಇಲ್ಲಿ ಕೆಲಸ ಆಗ್ತಾವೇನ್ರಿ ಎಂದು ಕೇಳಿದರು. ಏನೋ ಗೊಣಗಿದೆ. ಬೀರುವಿನ ಪಕ್ಕದ ಹುಡುಗಿಯ ಮೇಲೆಯೇ ಅವರ ಕಣ್ಣಿತ್ತು. ಫೋಟೋದಲ್ಲಿ ನೋಡಿದ್ದರಲ್ಲ.

ಅಷ್ಟರಲ್ಲಿ ಜನ ಬರತೊಡಗಿದರು. ಆಗ ನಡೆದದ್ದನ್ನು ಆ ಕಚೇರಿಯ ಯಾರೂ ಎಣಿಸಿರಲಿಲ್ಲ.

ಒಳಗೆ ಬಂದವರು ಮೇಜುಗಳ ಕಡೆ ನೋಡಿದರು. ಅಲ್ಲಿ ಕೂತವರು ಯಾರೂ ಅವರಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಆ ಜನ ಇಷ್ಟು ತಿಂಗಳು ಕಂಡಿದ್ದು ಒಂದೇ ಮುಖ. ಮಗುವಿನ ಜನನ ಪ್ರಮಾಣಪತ್ರಕ್ಕೆ ಬಂದ ಆಂಟಿ ನೇರ ಬೀರುವಿನ ಬಳಿ ಹೋದರು. ನಾಯಿಕಾಟದವರು ಆಂಟಿಯ ಹಿಂದೆ ನಿಂತರು. ಚರಂಡಿಯವರು ನಾಯಿಯವರ ಹಿಂದೆ. ನೋಡನೋಡುತ್ತಲೇ ಬೀರುವಿನಿಂದ ಬಾಗಿಲಿನ ತನಕ ಸಾಲು. ಭಾಗ್ಯಶ್ರೀ ಬೀರುವಿನ ಬಾಗಿಲಿಗೇ ಕಾಗದ ಆನಿಸಿ ಬರೆಯುತ್ತಾ, ಹೇಳುತ್ತಾ, ಅತ್ತಿತ್ತ ಓಡುತ್ತಾ ಇದ್ದಳು. ಕೂತವರ ಎದುರು ಒಂದು ನೊಣವೂ ಇರಲಿಲ್ಲ. ಯಾರೋ ಅಜ್ಜ ರಾಜಣ್ಣನವರನ್ನೇ, ‘ಸ್ವಾಮಿ, ನೀವೂ ಅರ್ಜಿ ಕೊಡಕ್ಕೆ ಬಂದಿದೀರಾ?’ ಎಂದು ವಿಚಾರಿಸಿದರು.

ನನಗೋ ಒಳಗೊಳಗೇ ಹೆಮ್ಮೆ. ದೊಡ್ಡಪ್ಪನವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಅವರ ಕಡೆ ತಿರುಗಿದೆ. ಅವರು ಕೈಚೀಲ ಎತ್ತಿಕೊಂಡು ಏಳುವ ತಯಾರಿಯಲ್ಲಿದ್ದರು.

‘ಈಕಿ ಕಾಯಂ ಅಲ್ಲ ಬಿಡ್ರಿ’ ಅಂದರು.

‘ಯಾಕೆ ಸಾರ್?’

‘ನೋಡ್ರಿ ಎಷ್ಟ ಕೆಲಸ ಮಾಡಾಕತ್ತಾಳ. ಕಾಯಂ ಇದ್ದವ್ರು ಹಿಂಗ ಮಾಡ್ತಾರೇನು? ಅಲ್ಲಿ ಕುಂತಾರಲ್ಲ, ಅವರು ಕಾಯಂ.’



ಇಲ್ಲಿಂದ ಮುಂದೆ ನನ್ನ ನೆನಪು ಎರಡು ದಾರಿ ಹಿಡಿಯುತ್ತದೆ. ಒಂದರಲ್ಲಿ, ನಾನು ಓಡಿಹೋಗಿ ರಾಜಣ್ಣನವರ ಕಿವಿಯಲ್ಲಿ ಎಲ್ಲ ಹೇಳಿದೆ. ಇನ್ನೊಂದರಲ್ಲಿ, ದೊಡ್ಡಪ್ಪನವರ ಗಂಟಲು ದೊಡ್ಡದು, ರಾಜಣ್ಣ ಕೂತಲ್ಲಿಂದಲೇ ಕೇಳಿಸಿಕೊಂಡರು. ಯಾವುದಾದರೂ ಇರಲಿ. ರಾಜಣ್ಣ ನಕ್ಕರು. ಕಣ್ಣೊರೆಸಿಕೊಂಡು ನಕ್ಕರು. ಬಾಗಿಲ ಕಡೆ ಒಮ್ಮೆ ನೋಡಿದರು. ಸಾಹೇಬರು ಯಾವ ಕ್ಷಣದಲ್ಲಾದರೂ ಬರಬಹುದಿತ್ತು. ಎದ್ದೇ ಬಿಟ್ಟರು.

‘ಬಾರಮ್ಮ ಭಾಗ್ಯ. ನಿನ್ ಕುರ್ಚಿ ಬಿಟ್ಟು ಅಲ್ಯಾಕೆ ನಿಂತಿದೀಯಾ?’ ಎಂದು ಇಡೀ ಕಚೇರಿಗೆ ಕೇಳುವ ಹಾಗೆ ಕರೆದರು.

ಆಕೆ ಬಂದು ಕೂತಳು. ಸಾಲೂ ಅವಳ ಹಿಂದೆಯೇ ಬೀರುವಿನಿಂದ ಮೇಜಿಗೆ ಬಂತು. ಕೂತವಳ ಕೈ ತಾನಾಗಿಯೇ ಕಾಗದಕ್ಕೆ ಹೋಯಿತು. ರಾಜಣ್ಣ ಪಕ್ಕದಲ್ಲಿ ಬಗ್ಗಿ, ಪೆನ್ನು ಕಸಿದುಕೊಂಡು, ಮೆಲ್ಲಗೆ ಅಂದರು: ‘ಏನೂ ಮಾಡ್ಬೇಡ ಕಣಮ್ಮ. ಹಿಂದಕ್ಕೆ ಒರಗಿ ಕೂತ್ಕೊ. ಫ್ಯಾನ್ ನೋಡು.’

ಆಕೆ ಫ್ಯಾನ್ ನೋಡಿದಳು. ಅದು ಎಷ್ಟು ಕಷ್ಟದ ಕೆಲಸ ಎಂದು ಅವಳ ಮುಖದಲ್ಲಿ ಕಾಣುತ್ತಿತ್ತು. ಸಾಲಿನ ಮೊದಲಲ್ಲಿದ್ದ ಆಂಟಿಯ ಕೈಯಲ್ಲಿ ಮಗು ಬೇರೆ. ಅವರಿಗೆ ಹೇಗೆ ಇಲ್ಲವೆನ್ನುವುದು? ದೊಡ್ಡಪ್ಪ ಎದ್ದವರು ಅಲ್ಲೇ ನಿಂತು ನೋಡುತ್ತಿದ್ದರು.

ನಾನು ಸಾಲು ಮುರಿದು ಮುಂದೆ ನುಗ್ಗಿ, ಮೇಜಿನ ಮೇಲೆ ಕೈ ಊರಿ, ದೀಪದ ಕಥೆ ಶುರು ಮಾಡಿದೆ.

ಆಕೆ ನನ್ನನ್ನು ನೋಡಿದಳು.

‘ನಾಳೆ ಬರ್ರಿ ಸರ’ ಅಂದಳು.

ಬಹುಶಃ ಆ ಹುಡುಗಿಯ ಸರ್ವೀಸಿನಲ್ಲಿ ಅದೇ ಮೊದಲನೆಯದು. ಹಿಂದೆ ದೆವ್ವಕ್ಕೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಅಷ್ಟು ಭಯದಿಂದ ಹೇಳಿದಳು. ಆಮೇಲೆ ಏನಾಯಿತೋ, ಸಾಲಿನಲ್ಲಿದ್ದವರಿಗೆ ಒಬ್ಬರಿಂದ ಒಬ್ಬರಿಗೆ ಗುಟ್ಟು ಹರಡಿತು. ಒಬ್ಬೊಬ್ಬರೇ ಬಂದು, ನಾಳೆ ಬರ್ರಿ ಅನ್ನಿಸಿಕೊಂಡು, ಗೊಣಗಿಕೊಂಡು ಹೋಗಿ ಹೊರಗಿನ ಮರದ ನೆರಳಲ್ಲಿ ನಿಂತರು. ನಾಯಿಕಾಟದವರು ಮೇಜು ಗುದ್ದಿ ತೋರಿಸಿದರು. ಆಂಟಿಯಂತೂ ಅತಿಯಾಗಿ ಅಭಿನಯಿಸಿ, ‘ಇನ್ನೂ ಎಷ್ಟು ಸಲ ಅಲೆಸ್ತೀಯಮ್ಮಾ, ನಿಮಗೆಲ್ಲ ಸರ್ಕಾರ ಕೂರಿಸಿ ಸಂಬಳ ಕೊಡುತ್ತೆ’ ಅಂದರು.

ಆ ಕೊನೆಯ ಮಾತು ಕೆಲಸ ಮಾಡಿತು. ದೊಡ್ಡಪ್ಪನವರ ಮುಖ ಅರಳಿತು. ಮೇಜಿನ ಬಳಿ ಬಂದರು. ಭಾಗ್ಯಶ್ರೀ ಕಾಲು ಮುಟ್ಟಲು ಎದ್ದಳು.

‘ಏಳಬ್ಯಾಡವಾ, ಕುಂದ್ರು’ ಅಂದರು. ‘ಕುರ್ಚಿ ಬಿಟ್ಟು ಯಾರಿಗೂ ಏಳಬ್ಯಾಡ.’

ಕೈಚೀಲದಿಂದ ಕರದಂಟಿನ ಪೊಟ್ಟಣ ತೆಗೆದು ಮೇಜಿನ ಮೇಲೆ ಇಟ್ಟರು. ಸಂಬಂಧ ಗಟ್ಟಿಯಾಯಿತು. ಅವರು ಗೇಟು ದಾಟಿದ ಮೇಲೆ ಮರದಡಿಯ ಸಾಲು ಮತ್ತೆ ಒಳಗೆ ಬಂತು. ಊಟದ ಹೊತ್ತಿಗೆ ಎಲ್ಲರ ಕೆಲಸವನ್ನೂ ಆಕೆ ಮುಗಿಸಿದಳು. ತಪಾಸಣೆಯ ಸಾಹೇಬರು ಬರಲೇ ಇಲ್ಲ.

ಮನೆಗೆ ಬಂದು ಹೇಳಿದೆ. ಹೇಳುತ್ತಲೇ ಇದ್ದೇನೆ. ಕೆಲಸ ಮಾಡುವವರನ್ನು ಕಂಡರೆ, ಪಾಪ, ಇವರದು ಖಾತ್ರಿಯಿಲ್ಲದ ನೌಕರಿ ಇರಬೇಕು ಅನ್ನಿಸುವಂತಾದದ್ದು ಯಾವಾಗಿನಿಂದ? ಸುಮ್ಮನೆ ಕೂರುವುದೇ ಭದ್ರತೆಯ ಗುರುತು ಎಂದು ಕಲಿಸಿದವರು ಯಾರು? ಆ ಬೀರುವಿನ ಮುಂದೆ ಸಾಲು ನಿಂತ ಜನಕ್ಕೆ ಮಾತ್ರ ಯಾರು ಕಾಯಂ ಎಂಬ ಅನುಮಾನವೇ ಇರಲಿಲ್ಲ.

ಇಷ್ಟಾಗಿ, ಹೆಂಡತಿ ಒಂದು ತಕರಾರು ಎತ್ತಿದ್ದಾಳೆ. ಮೊದಲ ಸಲ ಹೇಳಿದಾಗ, ಏಳಬೇಡ ಎನ್ನುವಾಗ ದೊಡ್ಡಪ್ಪ ಮೀಸೆಯಡಿ ನಗುತ್ತಿದ್ದರು ಎಂದು ನಾನೇ ಹೇಳಿದ್ದೆನಂತೆ. ನಗುತ್ತಿದ್ದರೆ? ಅವರಿಗೆ ನಮ್ಮ ನಾಟಕವೆಲ್ಲ ತಿಳಿದಿತ್ತೇ? ತಿಳಿದೂ ಒಪ್ಪಿದರೇ? ಅವರ ಮೀಸೆಯನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ಮೀಸೆ ಇತ್ತೇ ಎಂಬುದೂ ಈಗ ಖಚಿತವಿಲ್ಲ.

ಒಂದು ಸಂಗತಿಯನ್ನು ಮಾತ್ರ ಆಮೇಲೆ ವಿಚಾರಿಸಿ ಪಕ್ಕಾ ಮಾಡಿಕೊಂಡೆ. ಕಳೆದ ವಾರ ಭಾಗ್ಯಶ್ರೀ ಮತ್ತು ಹುಡುಗ ಮದುವೆಗೆ ಕರೆಯಲು ಬಂದಿದ್ದಾಗ ಹುಡುಗನನ್ನೇ ಕೇಳಿದೆ. ಸಾಲದ್ದಕ್ಕೆ ಅದೇ ಕಾಲೇಜಿನಲ್ಲಿರುವ ನನ್ನ ಹಳೆಯ ಸಹಪಾಠಿಗೂ ಫೋನ್ ಮಾಡಿದೆ. ಇಬ್ಬರೂ ಹೇಳಿದ್ದು ಒಂದೇ.

ಹುಡುಗನದು ಗುತ್ತಿಗೆ ಕೆಲಸ. ಅವನ ಕುರ್ಚಿ ನೋಡಲು ಈ ತನಕ ಯಾರೂ ಹೋಗಿಲ್ಲ.