ಗಾಳ ಹಿಡಿದು ಒಬ್ಬನೇ ಹೋದದ್ದು

ಮೊನ್ನೆ ನವೆಂಬರಿನಲ್ಲಿ ಪಾಣೆಮಂಗಳೂರಿನ ಮಾರ್ಕೆಟಿನಲ್ಲಿ ಬಂಗುಡೆ ಕೊಳ್ಳಲು ನಿಂತಿದ್ದಾಗ ಪಕ್ಕದ ಬುಟ್ಟಿಯಿಂದ ಒಂದು ವಾಸನೆ ಬಂತು. ಹೊಳೆಮೀನಿನ ವಾಸನೆ. ಸಮುದ್ರದ ಮೀನಿಗೆ ಉಪ್ಪಿನ, ಐಸಿನ, ಲಾರಿಯ ವಾಸನೆ. ಹೊಳೆಮೀನಿಗೆ ಪಾಚಿ ಹಿಡಿದ ಕಲ್ಲಿನ ವಾಸನೆ. ಬಂಗುಡೆ, ಬೂತಾಯಿ ತಿಂದು ಬೆಳೆದ ನಮ್ಮ ಕಡೆಯವರಿಗೆ ಹೊಳೆಮೀನೆಂದರೆ ಮೂಗು ಮುರಿಯುವ ವಿಷಯ. ನಾನು ಮಾತ್ರ ಬುಟ್ಟಿಯ ಮೇಲೆ ಬಗ್ಗಿ ಮೂಸುತ್ತಾ ನಿಂತುಬಿಟ್ಟೆ. "ಮೂಸಿದ್ದು ಸಾಕು, ತೆಗೊಳ್ತೀರಾ ಇಲ್ವಾ?" ಎಂದು ಮಾರುವ ಹೆಂಗಸು ಗದರಿದಳು. ತೆಗೆದುಕೊಂಡೆ. ಮನೆಯಲ್ಲಿ ಹೆಂಡತಿ ಅಡುಗೆಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಎರಡು ಪಾಲು ಮೆಣಸು ಅರೆದು ಸಾರು ಮಾಡಿ, ತಾನು ಉಪ್ಪಿನಕಾಯಿಯಲ್ಲಿ ಉಂಡು ಎದ್ದಳು.

ಆ ವಾಸನೆಯ ಹಿಂದೆ ನನ್ನದೊಂದು ಹಳೆಯ ಚಟವಿದೆ. ವರ್ಷಕ್ಕೊಮ್ಮೆ ಬೆನ್ನಿಗೆ ಚೀಲ ಏರಿಸಿ, ಗಾಳ ಹಿಡಿದು, ಒಬ್ಬನೇ ಘಟ್ಟದ ಬುಡಕ್ಕೆ ಹೋಗುವುದು. ಈಗಿನ ಹುಡುಗರು ಇದನ್ನು ಸೋಲೋ ಎನ್ನುತ್ತಾರೆ. ಹೊರಡುವ ಮೊದಲೇ ಸ್ಟೇಟಸ್ ಹಾಕುತ್ತಾರೆ. ನನ್ನ ಕಾಲದಲ್ಲಿ ಇದಕ್ಕೆ "ತಲೆ ಸಮ ಇಲ್ಲ" ಎಂಬ ಹೆಸರಿತ್ತು.

ತಲೆ ಸಮ ಇಲ್ಲದಿರಲು ಕಾರಣವೂ ಇತ್ತೆನ್ನಿ. ನಾನು ಮೂಡುಬಿದಿರೆಯಲ್ಲಿ ಮದುವೆಯ ಫೋಟೋ ತೆಗೆಯುವವನು. ಜನಜಂಗುಳಿಯೇ ನನ್ನ ಹೊಟ್ಟೆಪಾಡು. "ಸ್ವಲ್ಪ ನಗಿ", "ಅತ್ತೆ ಈಚೆ ಬನ್ನಿ", "ಆ ಮಗುವಿನ ಮೂಗು ಒರೆಸಿ" ಎಂದು ಕೂಗಿ ಕೂಗಿ ನನ್ನ ಗಂಟಲು ಕಾಗೆಯದ್ದಾಗಿತ್ತು. ಧನುರ್ಮಾಸ ಬಂದರೆ ಮುಹೂರ್ತವಿಲ್ಲ. ಕ್ರಿಸ್ಮಸಿನ ಮುಂಚಿನ ಆ ದಿನಗಳಲ್ಲಿ ಇಗರ್ಜಿಯಲ್ಲೂ ಮದುವೆ ಕಡಿಮೆ. ಎರಡು ಧರ್ಮಗಳೂ ಸೇರಿ ನನಗೆ ಕೊಟ್ಟ ರಜೆ ಅದು. ಆ ರಜೆಯಲ್ಲಿ ಯಾರ ಮುಖವನ್ನೂ ನೋಡದೆ, ಯಾರಿಗೂ ನಗಿ ಎನ್ನದೆ, ನಾನೇ ಹಿಡಿದ ಒಂದು ಮೀನನ್ನು ನಾನೇ ಸುಟ್ಟು ತಿಂದು ಹೊಳೆಯ ಬದಿ ಒಂದು ದಿನ ಕಳೆಯಬೇಕೆಂಬುದು ನನ್ನ ಆಸೆ. ದೊಡ್ಡ ಆಸೆಯೇನಲ್ಲ. ಆದರೆ ನಮ್ಮ ಊರಿನಲ್ಲಿ ಅದು ಈಡೇರುವುದು ಸುಲಭವಲ್ಲ.

ಯಾಕೆಂದರೆ ನಮ್ಮಲ್ಲಿ ಒಬ್ಬನೇ ಹೋಗುವುದು ಎಂಬ ವ್ಯವಹಾರವೇ ಇಲ್ಲ. ಡಾಕ್ಟರಲ್ಲಿಗೆ ಹೋಗಲು ಒಬ್ಬ ಜೊತೆ ಬೇಕು, ಚಪ್ಪಲಿ ಕೊಳ್ಳಲು ಇಬ್ಬರು. ಒಬ್ಬನೇ ಬಸ್ಸು ಹತ್ತಿದವನಿಗೆ ಕಂಡಕ್ಟರಿನಿಂದ ಹಿಡಿದು ಪಕ್ಕದ ಸೀಟಿನ ಅಜ್ಜಿಯವರೆಗೆ ಎಲ್ಲರ ಪ್ರಶ್ನೆಯೂ ಒಂದೇ: "ಒಬ್ಬರೇಯಾ?" ಮೊದಮೊದಲು ನಾನು "ಫ್ರೆಂಡ್ಸ್ ಹಿಂದಿನ ಬಸ್ಸಿನಲ್ಲಿ ಬರ್ತಾರೆ" ಎಂದು ಸುಳ್ಳು ಹೇಳಿ ಪಾರಾಗುತ್ತಿದ್ದೆ. ಒಂದು ವರ್ಷ ಮಾತ್ರ ನಿಜ ಹೇಳಿದೆ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಆ ದಿನದ ಕಥೆಯನ್ನೇ ನಿಮಗೆ ಹೇಳಹೊರಟದ್ದು. ಮಾತೆಲ್ಲ ನಡೆದದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.

ಅಂದು ಶಿರ್ತಾಡಿ, ನಾರಾವಿ ದಾಟಿ ಮುಂದೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆ. ಚೀಲದಲ್ಲಿ ಟಾರ್ಪಾಲು, ಚಾದರ, ಬೆಂಕಿಪೆಟ್ಟಿಗೆ, ಉಪ್ಪು, ಮೆಣಸಿನ ಹುಡಿ. ಇದಲ್ಲದೆ ಅಮ್ಮ ನನಗೆ ತಿಳಿಯದಂತೆ ತುರುಕಿದ ಬುತ್ತಿ, ಅಮೃತಾಂಜನ, ಮಂಗನ ಟೊಪ್ಪಿ. ಬಚ್ಚಲ ನೀರು ಹರಿಯುವಲ್ಲಿ ಅಗೆದು ತೆಗೆದ ಎರೆಹುಳಗಳು ಮಾತ್ರ ಬೇರೆ ಡಬ್ಬಿಯಲ್ಲಿದ್ದವು. ನಾರಾವಿಯಲ್ಲಿ ಇಳಿದು ಬಸ್ಸು ಮರೆಯಾದ ಮೇಲೆ ನೋಡುತ್ತೇನೆ, ಡಬ್ಬಿ ಇಲ್ಲ. ಸೀಟಿನ ಕೆಳಗೇ ಉಳಿದಿತ್ತು. ನನ್ನ ಎರೆಹುಳಗಳು ಟಿಕೆಟಿಲ್ಲದೆ ಮುಂದೆ ಹೋದವು.

ಅದೇ ಬೇಸರದಲ್ಲಿ ಅಸನಬ್ಬನವರ ಅಂಗಡಿಗೆ ಚಾ ಕುಡಿಯಲು ಹೋದೆ. ಹಿಂದಿನ ವರ್ಷಗಳಲ್ಲೂ ಅಲ್ಲೇ ಚಾ ಕುಡಿದಿದ್ದರಿಂದ ಮುಖ ಪರಿಚಯವಿತ್ತು. ಅವರು ಗಾಜಿನ ಲೋಟ ಇಡುತ್ತಾ, "ಈ ಸಲವೂ ಒಬ್ಬರೇಯಾ ಮಾರಾಯ್ರೆ? ಫ್ರೆಂಡ್ಸ್ ಯಾವಾಗ ಬರುವುದು?" ಎಂದರು. ಆ ವರ್ಷದ ಸೀಸನ್ ನನ್ನನ್ನು ಹಿಂಡಿ ಹಾಕಿತ್ತು. ಕಡೆಯ ಮದುವೆಯಲ್ಲಂತೂ ಆಲ್ಬಮ್ಮಿನಲ್ಲಿ ಚಿಕ್ಕಪ್ಪ ಇಲ್ಲವೆಂದು ದೊಡ್ಡ ಜಗಳವೇ ಆಗಿತ್ತು. "ಯಾರೂ ಬರುವುದಿಲ್ಲ. ನನಗೆ ಜನ ಸಾಕಾಗಿ ಹೋಗಿದೆ. ಇನ್ನು ಸ್ವಲ್ಪ ಶಾಂತಿ ಬೇಕು, ಅಷ್ಟೇ" ಎಂದೆ. ಅಷ್ಟರಲ್ಲೇ ನಿಲ್ಲಿಸಬಹುದಿತ್ತು. ಹೊಳೆಯಲ್ಲಿ ಒದ್ದೆಯಾದೀತೆಂದು ಹೊಸ ಮೊಬೈಲನ್ನೂ ಅವರ ಕೈಗೆ ಕೊಟ್ಟು, "ಇದು ನಿಮ್ಮಲ್ಲೇ ಇರಲಿ, ಅಲ್ಲಿ ನನಗೆ ಇದರ ಅಗತ್ಯ ಇಲ್ಲ" ಎಂದು ಹೇಳಿ ಹೊರಟೆ.

ಈಗ ನಿಮಗೆ ಅರ್ಥವಾಗಿರಬಹುದು. ನನಗೆ ಆಗಿರಲಿಲ್ಲ. ನಾನು ಸಾಯಲು ಹೊರಟಿದ್ದೇನೆ ಎಂದು ಅಸನಬ್ಬ ತಿಳಿದರು. ನಾನು ದಾರಿ ತಿರುಗುವುದರೊಳಗೆ ಫೋನು ಎತ್ತಿ, ಹೊಳೆಯ ದಾರಿಯ ಕಡೆಯ ಮನೆಗೆ ಸುದ್ದಿ ಮುಟ್ಟಿಸಿದರು. ಅಲ್ಲಿಂದ ಮುಂದೆ ನಾನು ಮೀನಿನ ಚಿಂತೆಯಲ್ಲಿದ್ದೆ. ಅವರೆಲ್ಲ ನನ್ನ ಜೀವದ ಚಿಂತೆಯಲ್ಲಿದ್ದರು. ಇದು ನನಗೆ ತಿಳಿದದ್ದು ಮಧ್ಯಾಹ್ನದ ಮೇಲೆ. ಅಷ್ಟರವರೆಗೆ ನನ್ನ ಪೆದ್ದುತನವನ್ನು ನೀವು ಸಹಿಸಿಕೊಳ್ಳಬೇಕು.

ಕಡೆಯ ಮನೆ ವಸಂತಣ್ಣ, ಗುಲಾಬಿಯಕ್ಕ ದಂಪತಿಯದ್ದು. ಹಿಂದಿನ ವರ್ಷಗಳಲ್ಲಿ ಅವರಿಗೂ ಫ್ರೆಂಡ್ಸಿನ ಅದೇ ಸುಳ್ಳು ಹೇಳಿ ಅಂಗಳ ದಾಟಿದ್ದೆ. ಅದರಾಚೆ ಅರಣ್ಯ ಇಲಾಖೆಯ ಗಡಿಕಲ್ಲು. ಗಡಿಯ ಈಚೆಗೆ ಹೊಳೆಯಲ್ಲಿ ನಾನು ಗಾಳ ಹಾಕುವ ಗುಂಡಿ. ಗುಲಾಬಿಯಕ್ಕ ಅಂಗಳದ ತುದಿಯಲ್ಲೇ ನಿಂತಿದ್ದರು. ಬೆಲ್ಲ, ನೀರು ತಂದಿಟ್ಟರು. ಊಟ ಮಾಡಿ ಹೋಗಿ ಎಂದರು. ಬುತ್ತಿ ಉಂಟು ಎಂದೆ.

"ಅಮ್ಮ ಇದ್ದಾರಾ?"

"ಇದ್ದಾರೆ. ಬುತ್ತಿ ಅವರೇ ಕಟ್ಟಿದ್ದು."

"ಮತ್ತೆ ಅವರು ಕಾಯ್ತಾರಲ್ಲ ನಿಮ್ಮನ್ನು?"

ನನಗೆ ನಗು ಬಂತು. ಕಾಯುತ್ತಾರೆ, ಅದಕ್ಕೇನೀಗ ಎಂದೆ. ಆಗ ವಸಂತಣ್ಣ ಒಳಗಿನಿಂದ ಬಂದು, ಗಾಳವನ್ನೂ ನನ್ನನ್ನೂ ನೋಡಿ ಕೇಳಿದರು. "ಎರೆಹುಳ ಎಲ್ಲಿ?"

"ಬಸ್ಸಿನಲ್ಲೇ ಬಿಟ್ಟುಹೋಯ್ತು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹುಳ ಕಳೆದುಕೊಂಡದ್ದಕ್ಕೆ ಇಷ್ಟು ದುಃಖಪಡುವ ಜನವನ್ನು ನಾನು ಕಂಡಿರಲಿಲ್ಲ. ಎಷ್ಟು ಒಳ್ಳೆಯವರು ಎಂದುಕೊಂಡು ಹೊಳೆಗೆ ಇಳಿದೆ.

ಆ ಗುಂಡಿಯ ನೀರು ಡಿಸೆಂಬರಿನಲ್ಲಿ ತಿಳಿ ಹಸಿರು. ದಡದಲ್ಲಿ ಕುಳಿತು ನೋಡಿದರೆ ತಳದ ಕಲ್ಲುಗಳೆಲ್ಲ ಕಾಣುತ್ತವೆ, ನಡುವಿನ ಆಳ ಮಾತ್ರ ಕಾಣುವುದಿಲ್ಲ. ಬುತ್ತಿಯ ಅನ್ನ ಹಿಸುಕಿ ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸಿದೆ. ಸಣ್ಣ ಮೀನುಗಳು ಬಂದು ಮೂತಿಯಿಂದ ದೂಡಿ, ಹಿಂದೆ ಸರಿದು, ಮತ್ತೆ ಬಂದವು. ಮೀನಿಗೆ ಅನುಮಾನ ಎಲ್ಲಿಂದ ಹುಟ್ಟುತ್ತದೆ? ಒಂದು ಮೋಸ ಹೋದದ್ದನ್ನು ಇನ್ನೊಂದು ನೋಡಿ ಕಲಿಯುತ್ತದೆಯೇ? ಇಂಥ ಪ್ರಶ್ನೆಗಳನ್ನು ಮದುವೆ ಹಾಲಿನಲ್ಲಿ ಯೋಚಿಸಲು ಆಗುವುದಿಲ್ಲ. ನಾನು ಪರಮ ಸುಖದಲ್ಲಿದ್ದೆ.

ಹಿಂದಿನಿಂದ ಕೆಮ್ಮು ಕೇಳಿಸಿತು. ವಸಂತಣ್ಣ. ಕೈಯಲ್ಲಿ ಕತ್ತಿ. "ಸೊಪ್ಪು ಕಡೀಲಿಕ್ಕೆ ಬಂದದ್ದು" ಎಂದರು. ಆದರೆ ಸೊಪ್ಪು ಕಡಿಯದೆ ನನ್ನ ಪಕ್ಕದ ಬಂಡೆಯಲ್ಲಿ ಕುಳಿತರು. ಅವರ ನೆರಳು ನೀರಿಗೆ ಬಿದ್ದು ಮೀನುಗಳು ಚದುರಿದವು.

"ಮನೆಯಲ್ಲಿ ಎಂತಾದ್ರೂ ಮಾತು ಬಂತಾ?"

"ಇಲ್ಲವಲ್ಲ."

"ಸಾಲ ಗೀಲ?"

"ಇಲ್ಲ ಮಾರಾಯ್ರೆ."

"ಹುಡುಗಿ ವಿಷಯವಾ?"

ನನಗೆ ರೇಗಿತು. ಮೂಡುಬಿದಿರೆಯಿಂದ ಇಲ್ಲಿಯವರೆಗೆ ಜನರಿಂದ ತಪ್ಪಿಸಿಕೊಂಡು ಬಂದರೆ, ಇಲ್ಲಿ ಹೊಳೆಯ ಕಲ್ಲಿನ ಮೇಲೂ ಒಬ್ಬರು ನನ್ನ ಸಂಸಾರದ ವಿಚಾರಣೆ ಮಾಡುತ್ತಿದ್ದಾರೆ. ಗಾಳದ ಕಡೆಗೆ ಮುಖ ತಿರುಗಿಸಿದೆ. ಅವರು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮೆಲ್ಲನೆ ಕೇಳಿದರು. "ನಿಮಗೆ ಈಜು ಬರ್ತದಾ?"

"ಬರ್ತದೆ."

"ನನಗೆ ಬರುವುದಿಲ್ಲ" ಎಂದು ಹೇಳಿ, ಇನ್ನೂ ನೀರಿನ ಹತ್ತಿರಕ್ಕೆ ಸರಿದು ಕುಳಿತರು. ಎಡಗೈ ಒಂದು ಬೇರನ್ನು ಬಿಗಿಯಾಗಿ ಹಿಡಿದಿತ್ತು. ನೀರಿಗೆ ಇಷ್ಟು ಹೆದರುವ ಮನುಷ್ಯ ಇಲ್ಲಿ ಯಾಕೆ ಕುಳಿತಿದ್ದಾರೆಂದು ನನಗೆ ಆಶ್ಚರ್ಯವಾಯಿತು. ಕೇಳಬೇಕೆನ್ನುವಷ್ಟರಲ್ಲಿ ಗಾಳ ಜಗ್ಗಿತು.

ದೊಡ್ಡ ಮೀನೇ ಇರಬೇಕು. ಬಿದಿರಿನ ಕೋಲು ಬಾಗಿತು. ನಾನು ಎದ್ದು ನಿಂತೆ, ಪಾಚಿಯ ಮೇಲೆ ಕಾಲಿಟ್ಟೆ, ಜಾರಿ ಸೀದಾ ಗುಂಡಿಗೆ ಬಿದ್ದೆ. ಮುಳುಗಿ ಮೇಲೆ ಬಂದು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ದಡದಲ್ಲಿ ಒಂದು ಆರ್ತನಾದ, ಆಮೇಲೆ ಧೊಪ್ಪೆಂಬ ಸದ್ದು. ಈಜು ಬಾರದ ವಸಂತಣ್ಣ ನನ್ನನ್ನು ಉಳಿಸಲು ಹಾರಿದ್ದರು.

ಉಳಿಸಲು ಬಂದವರನ್ನು ನಾನೇ ಅಂಗಿಯ ಕಾಲರ್ ಹಿಡಿದು ಎಳೆದು ಬಂಡೆಗೆ ಹತ್ತಿಸಬೇಕಾಯಿತು. ನೀರು ಕಕ್ಕಿದರು, ಕೆಮ್ಮಿದರು. ಅಷ್ಟಾದರೂ ನನ್ನ ಮಣಿಕಟ್ಟನ್ನು ಹಿಡಿದ ಕೈ ಸಡಿಲಿಸಲಿಲ್ಲ. "ಹಾಗೆಲ್ಲ ಮಾಡ್ಬಾರ್ದು. ಮಾಡ್ಬಾರ್ದು ನೀವು" ಎಂದು ಒಂದೇ ಸಮನೆ ಹೇಳುತ್ತಿದ್ದರು. ಜಾರಿ ಬಿದ್ದದ್ದು ಎಂದು ನಾನು ಆಣೆ ಹಾಕಿದೆ. ಪಾಚಿಯ ಮೇಲಿನ ನನ್ನ ಕಾಲಿನ ಗೀರು ತೋರಿಸಿದೆ. ಅದನ್ನು ಬಹಳ ಹೊತ್ತು ನೋಡಿ, ತಲೆ ತಗ್ಗಿಸಿ ಅತ್ತರು. ಅಳು ನಿಂತ ಮೇಲೆ ಹೇಳಿದರು.

"ಶೀನ ಅಂತ, ನನ್ನ ತಮ್ಮ. ಅವನೂ ಗಾಳ ಹಿಡ್ಕೊಂಡೇ ಹೋದದ್ದು. ನಾನು ಅಂಗಳದಲ್ಲಿ ಬುಟ್ಟಿ ಹೆಣೀತಾ ಕೂತಿದ್ದೆ. ನನ್ನ ಎದುರಿಂದಲೇ ಹೋದ. ಎಲ್ಲಿಗೆ ಅಂತ ಕೇಳ್ಲಿಲ್ಲ. ಒಬ್ಬನೇ ಯಾಕೆ ಅಂತ ಕೇಳ್ಲಿಲ್ಲ. ಮೀನಿಗೆ ಹೋದವನ ಕೈಯಲ್ಲಿ ಎರೆಹುಳ ಇರ್ಲಿಲ್ಲ, ಅದನ್ನೂ ನಾನು ನೋಡ್ಲಿಲ್ಲ. ಇದೇ ಗುಂಡಿ. ಮತ್ತೆ ನಮ್ಮ ಅಂಗಳದಲ್ಲಿ ಯಾರು ದಾಟಿದ್ರೂ ನಾವು ಕೇಳ್ತೇವೆ. ಬೈಯುವವರು ಬೈಲಿ."

ಸ್ವಲ್ಪ ಹೊತ್ತಿನ ಮೊದಲು ಈ ಮನುಷ್ಯನ ಮೇಲೆ ರೇಗಿದ್ದೆನಲ್ಲ ಎಂದು ಸಂಕಟವಾಯಿತು. ಅವರ ಕೈ ಹಿಡಿದುಕೊಂಡು ಕುಳಿತೆ. ಕೋಲು ಆಚೆ ದಡದ ಪೊದೆಗೆ ಸಿಕ್ಕಿ ನಿಂತಿತ್ತು. ಈಜಿ ಹೋಗಿ ತಂದರೆ ಗಾಳ ಬರಿದು. ಆ ಮೀನು ಯಾವುದೆಂದು ನನಗೆ ಇಂದಿಗೂ ಗೊತ್ತಿಲ್ಲ.

ಅಂದು ವಸಂತಣ್ಣನ ಪಂಚೆ ಉಟ್ಟು, ಗುಲಾಬಿಯಕ್ಕ ಬಡಿಸಿದ ಒಣಮೀನಿನ ಚಟ್ನಿಯಲ್ಲಿ ಗಂಜಿ ಉಂಡೆ. ಅಸನಬ್ಬನವರಿಗೆ ಫೋನು ಹೋಯಿತು: "ಜನ ಗಟ್ಟಿ ಉಂಟು. ತಲೆಯೂ ಹೆಚ್ಚುಕಮ್ಮಿ ಸಮ ಉಂಟು." ನಾಳೆ ಬೆಳಿಗ್ಗೆ ಒಬ್ಬನೇ ಹೊಳೆಗೆ ಹೋಗಲೇ ಎಂದು ನಾನು ಅನುಮತಿ ಕೇಳಿದೆ. ಗಂಡ ಹೆಂಡತಿ ಒಳಗೆ ಹೋಗಿ ಗುಸುಗುಸು ಮಾತಾಡಿ ಬಂದರು. "ಹೋಗಿ. ಆದ್ರೆ ಇಲ್ಲಿಂದ ನಾನು ಕೂ ಹಾಕ್ತೇನೆ, ನೀವು ಅಲ್ಲಿಂದ ಕೂ ಹಾಕ್ಬೇಕು. ಹಾಕದಿದ್ರೆ ನಾನು ಬರ್ತೇನೆ" ಎಂದರು ವಸಂತಣ್ಣ. ನಮ್ಮ ಗುಡ್ಡದ ಜನ ಒಬ್ಬರನ್ನೊಬ್ಬರು ಕರೆಯುವ ಆ ಉದ್ದನೆಯ ಕೂಗು ನಿಮಗೆ ಗೊತ್ತಿರಬಹುದು.

ಹೀಗೆ ನನ್ನ ಏಕಾಂತಕ್ಕೆ ಒಂದು ಕರಾರು ಬಿತ್ತು. ಅಂದಿನಿಂದ ಪ್ರತಿ ಡಿಸೆಂಬರಿನಲ್ಲೂ ಹೀಗೆಯೇ. ಮೀನು ಇನ್ನೇನು ಕಚ್ಚಬೇಕು, ಮೇಲಿನಿಂದ "ಕೂ...!" ನಾನು ಕೋಲು ಹಿಡಿದೇ "ಕೂ...!" ಈ ಕೂಗು ಮೀನಿಗೆ ಕೇಳುತ್ತದೆಯೇ ಎಂದು ನನಗೆ ಬಹಳ ಕುತೂಹಲವಿತ್ತು. ಎಷ್ಟೋ ಸಲ ಬಗ್ಗಿ ನೋಡಿದ್ದೇನೆ. ಕೂಗಿಗೆ ಅವು ರೆಕ್ಕೆ ಸಹ ಆಡಿಸುವುದಿಲ್ಲ, ನನ್ನ ನೆರಳು ಅಲುಗಿದರೆ ಮಾತ್ರ ಓಡುತ್ತವೆ. ವಸಂತಣ್ಣನಿಗೆ ಇದನ್ನು ಹೇಳಿದಾಗ, "ನಾನು ಕರೆಯುವುದು ಮೀನನ್ನು ಅಲ್ಲವಲ್ಲ" ಎಂದು ನಕ್ಕರು.

ಇತ್ತೀಚಿನ ಕೆಲವು ವರ್ಷ ಮಂಡಿನೋವಿನಿಂದ ಹೋಗಿರಲಿಲ್ಲ. ಪಾಣೆಮಂಗಳೂರಿನಿಂದ ಹೊಳೆಮೀನು ತಂದ ಆ ದಿನ ಮನಸ್ಸು ತಡೆಯದೆ, ಈ ಧನುರ್ಮಾಸದಲ್ಲಿ ಹೋಗಿಯೇ ಹೋಗುವುದೆಂದು ನಿಶ್ಚಯಿಸಿದೆ. ಹೋದೆ. ಅಸನಬ್ಬನವರ ಅಂಗಡಿಯಲ್ಲಿ ಈಗ ಅವರ ಮಗ. ಚಾ ಇಡುತ್ತಾ ಅವನೇ ಹೇಳಿದ. "ವಸಂತಣ್ಣ ಮಳೆಗಾಲದಲ್ಲಿ ತೀರಿಕೊಂಡ್ರಲ್ಲ. ನಿಮಗೆ ಗೊತ್ತಿಲ್ವಾ?"

ಮನೆಯಲ್ಲಿ ವಸಂತಣ್ಣನ ಮಗಳು, ಅಳಿಯ ಇದ್ದರು. ಗುಲಾಬಿಯಕ್ಕ ಒಳಗೆ ಮಲಗಿದ್ದಾರೆ ಎಂದರು. ಏಳಿಸುವುದು ಬೇಡ ಎಂದೆ. ಗುಂಡಿಯ ಹತ್ತಿರ ಹೋಗಿ ಕುಳಿತೆ. ಅದೇ ಹಸಿರು ನೀರು. ಗಾಳ ಹಾಕಿದೆ. ಬಿಸಿಲು ಏರಿತು. ಯಾರೂ ಪ್ರಶ್ನೆ ಕೇಳಲಿಲ್ಲ, ಯಾರೂ ಕೂಗಲಿಲ್ಲ. ಪ್ರಾಯದಲ್ಲಿ ನಾನು ಬೇಡಿದ್ದ ಆ ಪೂರ್ತಿ ಏಕಾಂತ ಆಗ ಸಿಕ್ಕಿತು. ನನ್ನಿಂದ ಅದನ್ನು ಸಹಿಸಲು ಆಗಲಿಲ್ಲ. ಕೋಲನ್ನು ಕಲ್ಲಿಗೆ ಒರಗಿಸಿ ಎದ್ದು ನಿಂತು, ಮೇಲಿನ ಮನೆಯ ಕಡೆಗೆ ಬಾಯಿಗೆ ಕೈ ಅಡ್ಡ ಹಿಡಿದು, ಉಸಿರು ಇರುವಷ್ಟು ಉದ್ದಕ್ಕೆ ಕೂ ಹಾಕಿದೆ.

ಉತ್ತರವಿಲ್ಲ. ಇನ್ನು ಬರುವುದೂ ಇಲ್ಲವೆಂದು ನೂಲು ಸುತ್ತತೊಡಗಿದಾಗ, ಮೇಲಿನಿಂದ ಸಣ್ಣಗೆ, ನಡುಗುತ್ತಾ, ಹೆಣ್ಣು ಸ್ವರದಲ್ಲಿ ಒಂದು ಕೂ ಇಳಿದುಬಂತು.

ಹತ್ತಿ ಹೋದರೆ ಗುಲಾಬಿಯಕ್ಕ ಅಂಗಳದ ತುದಿಯಲ್ಲಿ ನಿಂತಿದ್ದರು. ಕೂದಲು ಕೆದರಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನನ್ನು ಕಂಡು ಗುರುತು ಹಿಡಿದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನೀವಾ? ಮಲಗಿದಲ್ಲಿಗೆ ಕೇಳಿಸ್ತು. ಅವರೇ ಕರೆದದ್ದು ಅಂತ ಎಣಿಸಿಬಿಟ್ಟೆ. ಅದಕ್ಕೇ ಉತ್ತರ ಕೊಡ್ಲಿಕ್ಕೆ ಸ್ವಲ್ಪ ತಡ ಆಯ್ತು."