ಇಪ್ಪತ್ತೆರಡು ಅಡಿ ದೂರದ ಬೆಂಕಿ

ವರ್ಲಿನ್ ಹಾಗ್‌ಸ್ಟಾಡ್‌ನ ಜೇಬಿನಲ್ಲಿ ಕರವಸ್ತ್ರ ಇಲ್ಲದಿದ್ದರೂ ಅಳತೆ ಟೇಪು ಇದ್ದೇ ಇರುತ್ತಿತ್ತು. ಮಿನೆಸೋಟದ ನಮ್ಮ ಹೋಮ್‌ಬಿ ಪಟ್ಟಣದಲ್ಲಿ ಮೂವತ್ತೊಂದು ವರ್ಷ ನೀರಿನ ಮೀಟರು ಓದಿದವನು. ನಿವೃತ್ತಿಯಾದ ಮೇಲೆ ಓದಲು ಬೇರೇನೂ ಸಿಗದೆ, ಸುತ್ತಲಿನ ಊರುಗಳ ಬೆಂಕಿಗುಂಡಿ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿಬಿಟ್ಟ. ಹೋಮ್‌ಬಿಯಲ್ಲಿ ಹಿತ್ತಲ ಬೆಂಕಿಗೆ ಪರವಾನಗಿ ಬೇಕು, ಗುಂಡಿ ಮೂರಡಿ ಅಗಲ ಮೀರಬಾರದು, ಯಾವ ಕಟ್ಟಡಕ್ಕೂ ಇಪ್ಪತ್ತೈದು ಅಡಿ ದೂರವಿರಬೇಕು. ಅವನ ಹಿತ್ತಲ ಬೇಲಿಯೇ ಊರಿನ ಗಡಿ. ಆಚೆಗಿನ ವೆಸ್ಟ್ ಆಲ್ಡರ್‌ನಲ್ಲಿ ಹದಿನೈದು ಅಡಿ ಸಾಕು, ಪರವಾನಗಿಯ ಗೋಜೂ ಇಲ್ಲ.

"ಆ ಊರಲ್ಲಿ ಹೇಳೋರು ಕೇಳೋರು ಇಲ್ಲ ಕಣಯ್ಯಾ" ಎಂದು ನನ್ನ ಹತ್ತಿರ ಬೇಸರಪಟ್ಟುಕೊಳ್ಳುತ್ತಿದ್ದ.

ವಾರವಿಡೀ ಹೂಂ, ಊಹೂಂ ಬಿಟ್ಟು ಮಾತಾಡದ ಈ ಮನುಷ್ಯ ಶನಿವಾರ ಸಂಜೆ ಹಿತ್ತಲಲ್ಲಿ ಸುತ್ತ ಕಲ್ಲು ಜೋಡಿಸಿದ ಗುಂಡಿಯ ಬೆಂಕಿಯ ಮುಂದೆ ಕೂತರೆ ಬಾಯಿ ಬಿಡುತ್ತಿದ್ದ. ಹೆಂಡತಿ ಆರ್ಡಿಸ್ ತೀರಿಕೊಂಡ ಮೇಲೆ ಅವನ ಮಾತಿಗೆ ಉಳಿದ ಜಾಗ ಅದೊಂದೇ. ಅದು ಗೊತ್ತಿದ್ದೇ ಅಕ್ಕಪಕ್ಕದ ನಾವು ಮೂರು ಮನೆಯವರು ಅವನು ಕರಕಲು ಮಾಡಿದ ಸಾಸೇಜು ತಿಂದು, ಚೆನ್ನಾಗಿದೆ ಎಂದು ಸುಳ್ಳು ಹೇಳಿ ಕೂತಿರುತ್ತಿದ್ದೆವು.

ಜೂನ್‌ನಲ್ಲಿ ಬೇಲಿಯಾಚೆ, ವೆಸ್ಟ್ ಆಲ್ಡರ್ ಕಡೆಯ ಮನೆಗೆ ನ್ಯೂಜೆರ್ಸಿಯಿಂದ ರೊಸಾಲ್ಬಾ ಪೆಟ್ರೂಚಿ ಎಂಬ ವಿಧವೆ ಬಂದಳು. ಗಟ್ಟಿ ಗಂಟಲು, ಧಾರಾಳ ಕೈ. ಬಂದ ವಾರದಲ್ಲೇ ಹುಲ್ಲು ಕತ್ತರಿಸುವ ಯಂತ್ರ ಇಡಲು ಬೇಲಿಯ ಪಕ್ಕ ಮರದ ಶೆಡ್ಡು ನಿಲ್ಲಿಸಿದಳು. ವರ್ಲಿನ್ ತನ್ನ ಗುಂಡಿಯಿಂದ ಶೆಡ್ಡಿನವರೆಗೆ ಟೇಪು ಹಿಡಿದ. ಇಪ್ಪತ್ತೆರಡು ಅಡಿ.

ಗುಂಡಿ ಸರಿಸೋಣವೆಂದರೆ ಇತ್ತ ಗ್ಯಾರೇಜು, ಅತ್ತ ಮನೆ. ಎಲ್ಲಿ ಇಟ್ಟರೂ ನಿಯಮ ಮುರಿಯುತ್ತದೆ. ಅಗ್ನಿಶಾಮಕ ಠಾಣೆಗೆ ಫೋನು ಮಾಡಿ ತನ್ನ ಮೇಲೆ ತಾನೇ ದೂರು ಕೊಟ್ಟ.

"ಮೂರಡಿ ಕಡಿಮೆ ತಾನೇ, ಬಿಡಿ ಸಾರ್. ಯಾರು ನೋಡ್ತಾರೆ?" ಎಂದರಂತೆ ಅವರು.

"ನಾನು ನೋಡ್ತಿದೀನಲ್ಲ" ಎಂದನಂತೆ ಇವನು.

ಬೆಂಕಿ ನಿಂತಿತು. ಶನಿವಾರ ಬಾಗಿಲು ಹಾಕಿಕೊಂಡು ಕೂರತೊಡಗಿದ. ನನಗೆ ನಗುವೂ ಬಂತು, ಪಾಪ ಎಂದೂ ಅನಿಸಿತು.

ವಿಷಯ ತಿಳಿದು ರೊಸಾಲ್ಬಾ ಬೇಲಿಯ ಹತ್ತಿರ ಬಂದಳು.

"ರೀ ವರ್ಲಿನ್, ಆ ಕಲ್ಲುಗಳನ್ನ ಎತ್ಕೊಂಡು ನಮ್ಮ ಹಿತ್ತಲಿಗೆ ಬಂದ್ಬಿಡಿ. ಬೇಕಾದಷ್ಟು ಜಾಗ ಇದೆ."

"ಅಯ್ಯೋ ಬೇಡಿ, ನಿಮಗ್ಯಾಕೆ ತೊಂದ್ರೆ."

"ಸರಿ, ನಿಮ್ಮಿಷ್ಟ" ಎಂದು ಆಕೆ ಒಳಗೆ ಹೋದಳು.

ವರ್ಲಿನ್ ಅಲ್ಲೇ ನಿಂತಿದ್ದ. ನಮ್ಮ ಕಡೆ ಕಾಫಿಯನ್ನೂ ಮೂರು ಸಲ ಕೇಳಿಸಿಕೊಂಡೇ ಕುಡಿಯುವುದು. ಎರಡು ಸಲ ಬೇಡ ಎನ್ನುವುದು ಮರ್ಯಾದೆ. ಮೊದಲನೆಯ ಬೇಡವನ್ನು ನಿಜವೆಂದು ನಂಬುವವರು ಇರುತ್ತಾರೆಂದು ಅವನಿಗೆ ಅರವತ್ತೆಂಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಉಳಿದ ಎರಡು ಸಲಕ್ಕೆ ಐದು ವಾರ ಕಾದ. ಬೇಲಿಗೆ ಅಗತ್ಯವಿಲ್ಲದಿದ್ದರೂ ಎರಡು ಸಲ ಬಣ್ಣ ಬಳಿದ.

"ಹೋಗಿ ನೀನೇ ಕೇಳಯ್ಯಾ" ಎಂದೆ.

"ಛೆ, ಚೆನ್ನಾಗಿರಲ್ಲ" ಎಂದ.

ರೊಸಾಲ್ಬಾಗೆ ಬೇರೆಯೇ ಯೋಚನೆ. ಮನುಷ್ಯ ಶೆಡ್ಡಿನ ಮೇಲೆ ಮುನಿಸಿಕೊಂಡಿದ್ದಾನೆ, ಅದಕ್ಕೇ ಕರೆದರೂ ಬರಲಿಲ್ಲ ಎಂದುಕೊಂಡಳು. ಆಗಸ್ಟ್‌ನ ಒಂದು ಶನಿವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಶೆಡ್ಡಿನ ಬಾಗಿಲು ಬಿಚ್ಚಲು ನಿಂತಳು. ನಾನು ವರ್ಲಿನ್‌ನ ಜೊತೆ ಬೇಲಿಯ ಈಚೆ ಇದ್ದೆ.

"ನಿಲ್ಸಿ!" ಎಂದು ವರ್ಲಿನ್ ಕೂಗಿದ. ಅವನು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಅದು ನಿಯಮದ ಪ್ರಕಾರವೇ ಇದೆ. ಬಿಚ್ಬೇಡಿ."

"ಮತ್ತೇನು ಮಾಡ್ಲಿ? ನಿಮ್ಮ ಬೆಂಕಿ ಆರಿಸಿದ್ದು ನಾನೇ. ಕರೆದ್ರೆ ಬರಲ್ಲ ಅಂದ್ರಿ."

"ಒಂದೇ ಸಲ ಕರೆದ್ರಿ."

"ಎಷ್ಟು ಸಲ ಕರೀಬೇಕಿತ್ತು?"

ವರ್ಲಿನ್‌ನ ಕಿವಿ ಕೆಂಪಾಯಿತು. "ಮೂರು" ಎಂದ, ನೆಲ ನೋಡುತ್ತ.

ರೊಸಾಲ್ಬಾ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಆಕೆ ಸ್ಕ್ರೂಡ್ರೈವರನ್ನು ಹುಲ್ಲಿನ ಮೇಲೆ ಎಸೆದು ಸೊಂಟದ ಮೇಲೆ ಕೈಯಿಟ್ಟಳು.

"ಈಗ ಬರ್ತೀರೋ ಇಲ್ವೋ?"

ಇದು ಎರಡನೆಯ ಸಲ. ಅವನು ಬಾಯಿ ತೆರೆದ, ಬೇಡ ಎನ್ನುತ್ತಾನೆಂದು ನಾನು ಕಣ್ಣು ಮುಚ್ಚಿಕೊಂಡೆ.

"ಬರ್ತೀನಿ" ಎಂದ ವರ್ಲಿನ್.