ಹಡಗಿನ ಅಟ್ಟದ ಮೇಲೆ ಕುಳಿತವನು

2019ರ ಫೆಬ್ರವರಿಯ ಒಂದು ಶುಕ್ರವಾರ ಮಧ್ಯಾಹ್ನ, ದೋಹಾದ ಅಲ್ ಮುಂತಜಾದಲ್ಲಿರುವ ನಮ್ಮ ಕಚೇರಿಯಲ್ಲಿ ಒಂದೇ ಪರದೆಯ ಮುಂದೆ ಕುಳಿತ ನಾಲ್ವರಲ್ಲಿ ಇಬ್ಬರಿಗೆ ಒಬ್ಬ ಮನುಷ್ಯ ಕಂಡ. ಇನ್ನಿಬ್ಬರಿಗೆ ಕಾಣಲಿಲ್ಲ. ಕಂಡವರಲ್ಲಿ ನಾನೂ ಒಬ್ಬ.

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಮಂಗಳೂರಿನಲ್ಲಿ ವರದಿಗಾರನಾಗಿದ್ದಾಗ, ದೆವ್ವ ಕಂಡಿತು ಎಂದು ಫೋನ್ ಬಂದರೆ ‘ಎಷ್ಟು ಜನರಿಗೆ ಕಂಡಿತು, ಅವರೆಲ್ಲ ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಂಡಿದ್ದರೇ?’ ಎಂದು ಕೇಳಿ ಫೋನ್ ಇಡುತ್ತಿದ್ದೆ. ಆ ಪ್ರಶ್ನೆಗೆ ಈಗ ನಾನೇ ಉತ್ತರ ಹೇಳಬೇಕಾಗಿರುವುದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮದು ಸಾಕ್ಷ್ಯಚಿತ್ರ ತಯಾರಿಸುವ ಸಣ್ಣ ಘಟಕ. ಆಗ ಕೈಯಲ್ಲಿದ್ದದ್ದು ಮೊದಲ ಮಹಾಯುದ್ಧದ ಕಾಲದ ಹಡಗುಗಳ ಕುರಿತ ಚಿತ್ರ. ಅಮೆರಿಕದ ಸೈನ್ಯ ಫ್ರಾನ್ಸಿನ ಬಂದರುಗಳಲ್ಲಿ ಇಳಿಯುವ ಹಳೆಯ ಮೂಕಿ ತುಣುಕುಗಳನ್ನು ಅಮೆರಿಕದ ಒಂದು ದಾಖಲೆ ಸಂಗ್ರಹಾಲಯದಿಂದ ತರಿಸಿದ್ದೆವು. ಸೈನಿಕರನ್ನು ಸಾಗಿಸಿದ ಬ್ರಿಟಿಷ್ ಹಡಗುಗಳಲ್ಲಿ ಕೆಲಸಕ್ಕಿದ್ದವರಲ್ಲಿ ನಮ್ಮ ಕಡೆಯವರೂ ಇದ್ದರು. ಅಂಥವರು ಚಿತ್ರದಲ್ಲಿ ಎಲ್ಲಾದರೂ ಸಿಕ್ಕಾರೇ ಎಂದು ಹುಡುಕುವುದು ನನ್ನ ಕೆಲಸ.

ಹಳೆಯ ಚಿತ್ರಗಳ ವಿಷಯದಲ್ಲಿ ನಮ್ಮಲ್ಲೊಂದು ಕ್ರಮವಿದೆ. ಒಬ್ಬರು ನೋಡಿ ಕಂಡದ್ದನ್ನು ಹೇಳುತ್ತಾರೆ. ಅದನ್ನು ಕೇಳಿಸಿಕೊಳ್ಳದ ಇನ್ನೊಬ್ಬರು ಬೇರೆಯಾಗಿ ನೋಡಿ ಹೇಳುತ್ತಾರೆ. ಇಬ್ಬರ ಮಾತೂ ಹೊಂದಿದರೆ ಮಾತ್ರ ಅದು ಚಿತ್ರದಲ್ಲಿದೆ ಎಂದು ಲೆಕ್ಕ. ಮಸುಕು ಚಿತ್ರದಲ್ಲಿ ಬೇಕಾದದ್ದು ಕಾಣುವ ಚಟ ಎಲ್ಲರಿಗೂ ಇರುತ್ತದೆ, ಅದಕ್ಕೇ ಈ ಕ್ರಮ.

ಆ ಬೆಳಿಗ್ಗೆ ನಾನು ನೋಡಿದ ತುಣುಕು ಒಂದು ನಿಮಿಷಕ್ಕೂ ಕಡಿಮೆ. ಅಗಲ ಟೋಪಿಯ ಸೈನಿಕರು ಬೆನ್ನಿಗೆ ಕಂಬಳಿ ಸುತ್ತಿ ಕಟ್ಟಿಕೊಂಡು ಹಡಗಿನ ಅಟ್ಟದ, ಅಂದರೆ ಡೆಕ್ಕಿನ, ಮೇಲೆ ಸಾಲಾಗಿ ಇಳಿಯುವ ಹಲಗೆಯತ್ತ ಹೋಗುತ್ತಾರೆ. ಮೂಲೆಯಲ್ಲಿ ದಪ್ಪ ಹಗ್ಗದ ಸುರುಳಿ, ಒಂದು ಮರದ ಪೆಟ್ಟಿಗೆ. ಸುರುಳಿಯ ಹಿಂದೆ ತೆಳ್ಳಗಿನ ಒಬ್ಬ ಮನುಷ್ಯ ಕುಕ್ಕುರುಗಾಲಲ್ಲಿ ಕೂತು ದೊಡ್ಡ ಪಾತ್ರೆ ತಿಕ್ಕುತ್ತಿದ್ದ. ತಲೆಗೆ ಕಟ್ಟಿದ ಬಟ್ಟೆಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ಬೂಟುಗಳು ಹತ್ತಿರ ಬಂದಾಗ ಪಾತ್ರೆಯನ್ನು ಮಡಿಲಿಗೆ ಎಳೆದುಕೊಂಡು ಒಮ್ಮೆ ಕ್ಯಾಮೆರಾದತ್ತ ನೋಡಿದ.

ಸಂಕಲನ ಮಾಡುವ ಜಿನು ತೃಶ್ಶೂರಿನ ಹುಡುಗಿ. ಅವಳನ್ನು ಕರೆದು, ಮೂಲೆಯಲ್ಲಿ ಏನಿದೆ ಎಂದಷ್ಟೇ ಕೇಳಿದೆ.

“ಹಗ್ಗ, ಪೆಟ್ಟಿಗೆ.”

“ಮನುಷ್ಯ?”

ಅವಳು ಮತ್ತೆ ಹಾಕಿ ನೋಡಿದಳು. “ಆದ್ಮಿ ಮಾಫಿ!” ಎಂದಳು, ಇಲ್ಲಿಯ ಅರಬ್ಬಿ ಬೆರೆತ ಹಿಂದಿಯಲ್ಲಿ, ಮನುಷ್ಯ ಇಲ್ಲ ಎಂದು. “ಸರ್, ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಇಲ್ಲ ಅಂದ್ರೆ ಬಿರಿಯಾನಿ ತರಿಸಿ.”

ಬಿರಿಯಾನಿ ತರಿಸಿದೆ. ತಿನ್ನುತ್ತ ಅವನ ಪಾತ್ರೆ, ಹಲ್ಲಲ್ಲಿ ಕಚ್ಚಿದ ತಲೆಬಟ್ಟೆ ಎಲ್ಲವನ್ನೂ ಅವಳಿಗೆ ಹೇಳಿದೆ. ಊಟದ ನಂತರವೂ ಆ ಮನುಷ್ಯ ನನಗೆ ಅಲ್ಲೇ ಇದ್ದ, ಅವಳಿಗೆ ಇರಲಿಲ್ಲ. ತುಣುಕನ್ನು ನಿಲ್ಲಿಸಿದರೆ ನನಗೂ ಕಾಣುತ್ತಿರಲಿಲ್ಲ. ಓಡಿದರೆ ಮಾತ್ರ ಕಾಣುತ್ತಿದ್ದ. ಹಳೆಯ ಫಿಲ್ಮಿನ ಚುಕ್ಕೆಗಳು ಓಡುವಾಗ ಕಣ್ಣು ಅವನ್ನು ಸೇರಿಸಿ ಆಕಾರ ಮಾಡಿಕೊಳ್ಳುತ್ತದೆ ಎಂದುಕೊಂಡೆ. ನಮ್ಮ ಕ್ರಮದ ಪ್ರಕಾರ ಅಲ್ಲಿ ಮನುಷ್ಯನಿಲ್ಲ, ವಿಷಯ ಮುಗಿಯಿತು.

ಜುಮಾ ನಮಾಜ್ ಮುಗಿಸಿ ಅಶ್ರಫ್ ಬಂದ. ಅವನು ನಮ್ಮ ಧ್ವನಿಮುದ್ರಣದ ಹುಡುಗ, ಉಳ್ಳಾಲದವನು. ಅಲ್ ಥುಮಾಮಾದ ಅವನ ಮನೆಗೆ ಊರಿನಿಂದ ಬಂದಿದ್ದ ತಾಯಿ ಬೀಪಾತುಮ್ಮನನ್ನೂ ಕರೆತಂದಿದ್ದ. ಬೀಪಾತುಮ್ಮನ ಅಜ್ಜ, ಎಂದರೆ ತಂದೆಯ ತಂದೆ, ಮುಂಬಯಿಗೆ ಹೋಗಿ ಹಡಗಿನ ಅಡುಗೆ ಕೆಲಸಕ್ಕೆ ಸೇರಿ ಆ ಯುದ್ಧದ ಕಾಲದಲ್ಲಿ ಮರಳಿ ಬಾರದವರು. ಅವರದ್ದೊಂದು ಫೋಟೊ ಕೂಡ ಇಲ್ಲ. ತಂದೆಯ ಮುಖ ಕಾಣದೆಯೇ ತೀರಿಹೋದ ತನ್ನ ಬಾಪನ ಸಂಕಟ ಬೀಪಾತುಮ್ಮನಿಗೆ ದಾಟಿತ್ತು. ಅಂಥ ಹಡಗುಗಳ ಚಿತ್ರ ಬಂದಿದೆ ಎಂದು ಮಗ ಹೇಳಿದ್ದೇ ತಡ, ಹೊರಟುಬಿಟ್ಟಿದ್ದರು.

“ಯಾವ ಹಡಗು ಅಂತ ಗೊತ್ತಿಲ್ಲ ಉಮ್ಮ, ಸುಮ್ಮನೆ ಆಸೆ ಬೇಡ,” ಎಂದ ಅಶ್ರಫ್.

“ಆಸೆ ಎಂತದ್ದು? ನೋಡ್ಲಿಕ್ಕೆ ಟಿಕೆಟ್ ಉಂಟಾ ಇಲ್ಲಿ?” ಎಂದು ಅವರು ಕುರ್ಚಿ ಎಳೆದುಕೊಂಡರು.

ಬೆಳಗಿನ ಸಂಗತಿಯನ್ನು ನಾನು ಅಶ್ರಫನಿಗೆ ಹೇಳಿರಲಿಲ್ಲ. ಜಿನು ಹೇಳುವ ಅವಕಾಶವೇ ಇರಲಿಲ್ಲ, ಅವಳು ಇಡೀ ಹೊತ್ತು ನನ್ನ ಪಕ್ಕದಲ್ಲಿದ್ದಳು. ನಾನೂ ಏನೂ ಹೇಳದೆ ತುಣುಕು ಹಾಕಿದೆ.

ಸೈನಿಕರು ಅರ್ಧ ದಾಟುವಷ್ಟರಲ್ಲಿ ಬೀಪಾತುಮ್ಮ ಮುಂದಕ್ಕೆ ಬಾಗಿದರು. “ಹಗ್ಗದ ಹಿಂದೆ ಯಾರು ಅದು, ಪಾತ್ರೆ ತಿಕ್ಕುದು?”

“ಎಲ್ಲಿ ಉಮ್ಮ?” ಎಂದ ಅಶ್ರಫ್.

“ಕಣ್ಣು ಉಂಟಾ ನಿನಗೆ? ಅಲ್ಲಿ. ತಲೆಬಟ್ಟೆ ಬಾಯಲ್ಲಿ ಕಚ್ಚಿದ್ದಾರಲ್ಲ. ನನ್ನ ಬಾಪ ಕೂಡ ಹಾಗೇ, ಕೆಲಸಕ್ಕೆ ಕೂತರೆ ಬಟ್ಟೆ ಹಲ್ಲಲ್ಲಿ. ಬಾಪನ ಉಮ್ಮ ಬೈತಿದ್ದರು.” ಪರದೆಯತ್ತ ಬೆರಳು ಚಾಚಿ ಹೇಳಿದರು, “ನೋಡು, ಪಾತ್ರೆ ಎಳ್ಕೊಂಡ್ರು. ನಮ್ಮನ್ನು ನೋಡಿದ್ರು.”

ಜಿನುಗೆ ಕನ್ನಡ ಬಾರದು. ಆದರೂ ನನ್ನ ಮುಖ ನೋಡಿ, ಬೆಳಗಿನ ತಮಾಷೆಯನ್ನು ಬಿಟ್ಟು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಅಜ್ಜ ಅಡುಗೆಯವರು ಎಂದು ಗೊತ್ತಿದ್ದ ಮೊಮ್ಮಗಳು ಪಾತ್ರೆಯನ್ನು ಊಹಿಸಬಹುದು. ತಂದೆಯ ಅಭ್ಯಾಸವನ್ನು ಅಜ್ಜನಿಗೆ ಹೊಂದಿಸಲೂಬಹುದು. ಆದರೆ ಅವರ ತಂದೆಯ ಅಭ್ಯಾಸ ನನಗೆ ಹೇಗೆ ಗೊತ್ತಿರಬೇಕು? ಬಟ್ಟೆಯ ತುದಿ ಕಚ್ಚಿದ್ದನ್ನು ಬೆಳಿಗ್ಗೆ ಜಿನುಗೆ ಹೇಳಿದವನು ನಾನೇ.

ಅಶ್ರಫ್ ಮತ್ತೆ ಮತ್ತೆ ನೋಡಿದ. ಪರದೆಯ ಬೆಳಕು ಹೆಚ್ಚಿಸಿದ, ಬೇರೆ ಕಂಪ್ಯೂಟರಿನಲ್ಲಿ ಹಾಕಿದ. ಹಗ್ಗ, ಪೆಟ್ಟಿಗೆ. ಉಮ್ಮ ಮಾತ್ರ ಮಗನ ತೋಳು ಹಿಡಿದು, “ನಿನ್ನ ಮುತ್ತಜ್ಜ ಅಲ್ವಾ ಮೋನೆ, ಸರಿಯಾಗಿ ನೋಡು,” ಎನ್ನುತ್ತಲೇ ಇದ್ದರು. ಕೊನೆಗೆ ನನ್ನತ್ತ ತಿರುಗಿ ಕೇಳಿದರು, “ನಿಮಗೆ ಕಾಣ್ತದಾ?”

“ಕಾಣ್ತದೆ ಉಮ್ಮ,” ಎಂದೆ.

ಅವರನ್ನು ಕಾರಿನಲ್ಲಿ ಕೂರಿಸಿ ಅಶ್ರಫ್ ಒಬ್ಬನೇ ಮೇಲೆ ಬಂದ. “ಸರ್, ಉಮ್ಮನ ಸಮಾಧಾನಕ್ಕೆ ಹಾಗೆ ಹೇಳಿದ್ದಾ? ಹೇಳಿ, ಪರವಾಗಿಲ್ಲ.”

ಅಲ್ಲ ಎಂದೆ. ಬೆಳಿಗ್ಗೆಯೇ ಕಂಡಿತ್ತು ಎಂದೆ. ಹಿಂದಿಯಲ್ಲಿ ಕೇಳಿದಾಗ ಜಿನುವೂ ಹೌದೆಂದು ತಲೆಯಾಡಿಸಿದಳು.

“ಮತ್ತೆ ನನಗ್ಯಾಕೆ ಕಾಣುದಿಲ್ಲ? ನಿಮಗೆ ಅವರು ಯಾರು ಮಾರಾಯ್ರೆ? ನನ್ನ ಮುತ್ತಜ್ಜ ಅಲ್ವಾ?”

ಆಮೇಲೆ ಬಹಳ ದಿನ ಅವನು ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದ. ನಾನು ಸುಳ್ಳು ಹೇಳಿದೆನೆಂದು ಅವನಿಗೆ ಅನಿಸಿದ್ದರೆ ನಮ್ಮಿಬ್ಬರಿಗೂ ಸುಲಭವಾಗುತ್ತಿತ್ತು. ನಿಜ ಹೇಳಿದೆನೆಂದು ಅವನಿಗೆ ಗೊತ್ತಿದ್ದದ್ದೇ ಕಷ್ಟ.

ಚಿತ್ರ ಪ್ರಸಾರವಾಯಿತು. ಆ ತುಣುಕು ಅದರಲ್ಲಿದೆ, ಮನುಷ್ಯನ ಪ್ರಸ್ತಾಪವಿಲ್ಲ. ಇಬ್ಬರು ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರೂ, ಕಾಣದವರು ಅಷ್ಟೇ ಜನ ಇದ್ದಾಗ ಏನು ಬರೆಯಬೇಕು ಎಂದು ನಮ್ಮ ಕ್ರಮದಲ್ಲಿ ಇಲ್ಲ. ಬೀಪಾತುಮ್ಮ ಉಳ್ಳಾಲಕ್ಕೆ ಮರಳಿದರು. ಈಗ ಕಿವಿ ಸ್ವಲ್ಪ ಮಂದ, ಉಳಿದಂತೆ ಗಟ್ಟಿಯಾಗಿದ್ದಾರೆ. ಜಿನು ಮದುವೆಯಾಗಿ ಕೆನಡಾಕ್ಕೆ ಹೋದಳು. ಆ ಹಡಗು ಯಾವುದು, ಅದರಲ್ಲಿ ಯಾರಿದ್ದರು ಎಂಬುದು ಇವತ್ತಿಗೂ ಗೊತ್ತಾಗಿಲ್ಲ.

ಅಶ್ರಫ್ ಬಿಡಲಿಲ್ಲ. ಆ ಸಂಗ್ರಹಾಲಯಕ್ಕೆ ಬರೆದು ಬರೆದು, ಮೂಲ ಫಿಲ್ಮ್ ಸುರುಳಿಯಿಂದ ಹೊಸದಾಗಿ ತೆಗೆದ ಸ್ವಚ್ಛ ಪ್ರತಿಯನ್ನು ಕೇಳಿದ್ದ. ಅದು ಹೋದ ವಾರ ಬಂತು. ನಾವಿಬ್ಬರೂ ಬೇರೆ ಬೇರೆ ಕೋಣೆಗಳಲ್ಲಿ ಕೂತು ನೋಡಿ, ಆಮೇಲೆ ಕಂಡದ್ದನ್ನು ಹೇಳಿಕೊಂಡೆವು.

ನನಗೆ ಹಗ್ಗದ ಸುರುಳಿ ಕಂಡಿತು, ಪೆಟ್ಟಿಗೆ ಕಂಡಿತು. ಮನುಷ್ಯ ಕಾಣಲಿಲ್ಲ.

ಇದ್ದಾರೆ ಎಂದ ಅಶ್ರಫ್. ಪಾತ್ರೆಯನ್ನು ಕೆಳಗಿಟ್ಟು ಎದ್ದು ನಿಂತಿದ್ದಾರೆ ಎಂದ.